ಖಾಲಿ ಸಿಲಿಂಡರ್‌ನಷ್ಟು ಭಾರ: 56ರ ಸಿಸ್ಟರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ವಯಸ್ಸು 56, ಸರ್ವಿಸ್ 31 ವರ್ಷ. ಮೂರು ತಿಂಗಳ ಹಿಂದೆ ರೋಗಿಯೊಬ್ಬರನ್ನು ಸ್ಟ್ರೆಚರ್‌ನಿಂದ ಮಂಚಕ್ಕೆ ಹಾಕುವಾಗ ಸೊಂಟ ಹಿಡಿದುಕೊಂಡಿತು. ಹತ್ತು ದಿನ ರಜೆ ಹಾಕಿ ಮತ್ತೆ ಡ್ಯೂಟಿಗೆ ಹೋದೆ. ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಿದ್ದೇನೆ, ನೋವು ಪೂರ್ತಿ ಹೋಗಿಲ್ಲ. ಒಂದೂವರೆ ತಿಂಗಳ ಹಿಂದೆ ನೈಟ್ ಡ್ಯೂಟಿಯಲ್ಲಿ ಸೂಜಿ ಚುಚ್ಚಿತು. ಕೈ ತೊಳೆದುಕೊಂಡು ಸುಮ್ಮನಾದೆ. ಇಷ್ಟು ಸರ್ವಿಸ್ ಆದವರು ಹೀಗೆ ಮಾಡಿಕೊಂಡರಲ್ಲ ಅಂತಾರೆ ಅಂತ ಯಾರಿಗೂ ಹೇಳಲಿಲ್ಲ. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮ ಸಾಹೇಬರು "ಆಗದಿದ್ದರೆ ವಿಆರ್‌ಎಸ್ ತಗೊಳ್ಳಿ ಸಿಸ್ಟರ್" ಅನ್ನುತ್ತಾರೆ. ಇನ್ನು ನಾಲ್ಕು ವರ್ಷ ಮರ್ಯಾದೆಯಿಂದ ಕೆಲಸ ಮಾಡಿ ಹೊರಡಬೇಕು ಅಂತ ಆಸೆ. ರೋಗಿಯನ್ನು ಸರಿಯಾಗಿ ಎತ್ತುವುದು ಹೇಗೆ? ಬೆಲ್ಟ್ ಕಟ್ಟಬಹುದಾ? ನೈಟ್ ಬೇಡ ಅಂತ ಕೇಳಬಹುದಾ?

ಉತ್ತರ: ಸಿಸ್ಟರ್, ಮೊದಲ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ರೋಗಿಯನ್ನು ಸರಿಯಾಗಿ ಎತ್ತುವ ವಿಧಾನ ಅಂತ ಯಾವುದೂ ಇಲ್ಲ. ಎತ್ತಲೇಬಾರದು.

ನರ್ಸಿಂಗ್ ಸ್ಕೂಲಿನಲ್ಲಿ ನಿಮಗೆ ಪಾಠ ಆಗಿರುತ್ತದೆ. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಡಿ, ಭಾರವನ್ನು ಮೈಗೆ ಹತ್ತಿರ ತನ್ನಿ. ಅಕ್ಕಿ ಮೂಟೆಗೆ ಈ ಪಾಠ ಸರಿ. ರೋಗಿ ಮಲಗಿರುವುದು ಮಂಚದ ನಡುವೆ, ಅವರನ್ನು ಮೈಗೆ ಹತ್ತಿರ ತರುವುದು ಎಲ್ಲಿಂದ? ಮೂಟೆಗೆ ಇರುವ ಕಿವಿಯೂ ಅವರಿಗಿಲ್ಲ, ಹಿಡಿಯುವುದು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಎತ್ತುವ ಹೊತ್ತಿಗೆ ಸರಿಯಾಗಿ ನೋವಾಗಿ ಸೆಟೆದುಕೊಳ್ಳುತ್ತಾರೆ, ಇಲ್ಲವೇ ಭಯಬಿದ್ದು ನಿಮ್ಮ ಕುತ್ತಿಗೆಗೆ ಜೋತುಬೀಳುತ್ತಾರೆ. ಆ ಕಡೆ ಡ್ರಿಪ್, ಈ ಕಡೆ ಕ್ಯಾಥೆಟರ್. ಇಷ್ಟರ ನಡುವೆ ಬೆನ್ನು ನೆಟ್ಟಗಿಡುವುದು ಪುಸ್ತಕದ ಚಿತ್ರದಲ್ಲಿ ಮಾತ್ರ ಸಾಧ್ಯ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಭಾರ ಎತ್ತುವ ಪಾಠ ಹೇಳಿಕೊಟ್ಟರೆ ಸೊಂಟನೋವು ತಪ್ಪುತ್ತದಾ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ ವರದಿ 2011ರಲ್ಲಿ ಬಂತು. ತಪ್ಪುವುದಿಲ್ಲ ಅಂತ ಉತ್ತರ ಸಿಕ್ಕಿತು. ಪಾಠದ ಜೊತೆ ಒಂದಿಷ್ಟು ಸಲಕರಣೆ ಕೊಟ್ಟು ಕೈತೊಳೆದುಕೊಂಡರೂ ಅಷ್ಟೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನರ್ಸ್‌ಗಳು 1998ರಲ್ಲೇ ಬೇರೆ ದಾರಿ ಹಿಡಿದರು. ಹೇಗೆ ಎತ್ತಬೇಕು ಅನ್ನುವ ಮಾತೇ ಬೇಡ, ಕೈಯಿಂದ ಎತ್ತುವುದಿಲ್ಲ ಅನ್ನುವುದೇ ನಮ್ಮ ನಿಯಮ ಅಂದರು. ಅಲ್ಲಿನ ನರ್ಸ್‌ಗಳ ಸಂಘವೇ ಮುಂದೆ ನಿಂತಿತ್ತು. ಸೊಂಟದ ಪೆಟ್ಟಿನ ಪರಿಹಾರಕ್ಕೆ ಬರುವ ಅರ್ಜಿಗಳು ಕಮ್ಮಿಯಾಗಿದ್ದು ಆಮೇಲೆ.

ಎಷ್ಟು ಭಾರ ಸುರಕ್ಷಿತ ಅಂತ ಕೇಳಿದರೆ ಅದಕ್ಕೊಂದು ಅಂಕಿ ಇದೆ. ಕೆಲಸಗಾರರ ಸುರಕ್ಷತೆಯನ್ನು ನೋಡಿಕೊಳ್ಳುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ ಎಲ್ಲಾ ಅನುಕೂಲ ಇರುವಾಗ ಪೆಟ್ಟಿಗೆಯೊಂದರ ಮಿತಿ 23 ಕಿಲೋ. ರೋಗಿಯ ವಿಷಯಕ್ಕೆ ಬಂದಾಗ ಅಲ್ಲಿನ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಅದನ್ನು 35 ಪೌಂಡ್‌ಗೆ ಇಳಿಸಿದರು. ಅಂದರೆ ಸುಮಾರು 16 ಕಿಲೋ. ನಿಮ್ಮ ಅಡುಗೆಮನೆಯ ಖಾಲಿ ಗ್ಯಾಸ್ ಸಿಲಿಂಡರ್ ಹೆಚ್ಚುಕಮ್ಮಿ ಅಷ್ಟೇ ತೂಗುತ್ತದೆ. ಅದರ ಮೈಮೇಲೆ ತೂಕ ಬರೆದಿರುತ್ತದೆ, ಇವತ್ತು ಮನೆಗೆ ಹೋದಾಗ ಓದಿ ನೋಡಿ. ಅರವತ್ತು ಕಿಲೋ ಮನುಷ್ಯನ ಒಂದು ಕಾಲೇ ಹತ್ತು ಕಿಲೋ ಹತ್ತಿರ ಇರುತ್ತದೆ. ಡ್ರೆಸಿಂಗ್ ಮಾಡುವಾಗ ಆ ಕಾಲನ್ನು ಎತ್ತಿ ಹಿಡಿದು ನಿಲ್ಲುತ್ತೀರಲ್ಲ, ಅರ್ಧಕ್ಕಿಂತ ಜಾಸ್ತಿ ಸಿಲಿಂಡರ್ ಹಿಡಿದು ನಿಂತ ಹಾಗೆ. ಹಾಗಾದರೆ ಇಡೀ ಮನುಷ್ಯ?

ಈ ಮಿತಿ ವಯಸ್ಸಾದವರಿಗೆ ಅಂತ ಮಾಡಿದ್ದಲ್ಲ, 25ರ ಹುಡುಗಿಗೂ ಇದೇ ಲೆಕ್ಕ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ವಯಸ್ಸಾಯಿತು, ಅದಕ್ಕೇ ಸೊಂಟ ಹೋಯಿತು ಅಂತ ನೀವೂ ನಿಮ್ಮ ಸಾಹೇಬರೂ ತೀರ್ಮಾನ ಮಾಡಿಬಿಟ್ಟಿದ್ದೀರಿ. ಆ ಕೆಲಸ 31 ವರ್ಷದಿಂದ ಯಾರ ಬೆನ್ನಿಗೂ ತಕ್ಕದ್ದಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಮೈ ಅದನ್ನು ನುಂಗಿಕೊಂಡಿತು, ಈಗ ನುಂಗಲಾರೆ ಅನ್ನುತ್ತಿದೆ ಅಷ್ಟೇ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯಿಂದ ಬರೀ ಐದು ಸೆಂಟಿಮೀಟರ್ ಆಸುಪಾಸಿನಲ್ಲಿ ಎಳೆಯುತ್ತವೆ. ನೀವು ಬಗ್ಗಿ ಹಿಡಿದ ಭಾರ ಅರ್ಧ ಮೀಟರ್ ದೂರದಲ್ಲಿರುತ್ತದೆ. ಒಂದು ಕೈ ಗಿಡ್ಡ, ಒಂದು ಕೈ ಉದ್ದ ಇರುವ ತಕ್ಕಡಿಯನ್ನು ನೆನೆಸಿಕೊಳ್ಳಿ. ಆ ಕಡೆಯ ಒಂದು ಕಿಲೋಗೆ ಈ ಕಡೆ ಹತ್ತು ಕಿಲೋ ಜಗ್ಗಬೇಕು. ಆ ಒತ್ತಡ ಪೂರ್ತಿ ಬೀಳುವುದು ಸೊಂಟದ ಡಿಸ್ಕ್ ಮೇಲೆ.

ಸರಿ, ಎತ್ತಬಾರದು ಅಂದರೆ ರೋಗಿಯನ್ನು ಸ್ಟ್ರೆಚರ್ ಮೇಲೇ ಬಿಡುವುದಾ? ಇಲ್ಲ, ಜಾರಿಸುವುದು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಸ್ಲೈಡ್ ಶೀಟ್ ಇರುತ್ತದೆ, ನುಣುಪಾದ ನೈಲಾನ್ ಬಟ್ಟೆ, ಎರಡು ಪದರ. ಒಂದರ ಮೇಲೆ ಒಂದು ಜಾರುತ್ತದೆ, ರೋಗಿ ಅದರ ಮೇಲೆ ಸಾಗುತ್ತಾರೆ. ಛತ್ರಿ ಬಟ್ಟೆಯಂಥ ನೈಲಾನ್ ತಂದುಕೊಟ್ಟರೆ ಊರಿನ ಟೈಲರ್ ಹೊಲಿದುಕೊಡುತ್ತಾರೆ. ನಾನು ನೋಡಿದ ವಾರ್ಡ್‌ಗಳಲ್ಲಿ ರೋಗಿಯನ್ನು ಎಳೆಯುವುದು ಮೆಕಿಂಟಾಷ್ ಮೇಲೆಯೇ. ರಬ್ಬರ್ ಶೀಟ್ ಜಾರುತ್ತದಾ ಸಿಸ್ಟರ್? ಬೆವರಿಗೆ ಅಂಟಿಕೊಂಡು ಕೂರುತ್ತದೆ. ರೋಗಿಯ ಚರ್ಮ ಕಿತ್ತು ಬರುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ. ಅದನ್ನು ಮೊದಲು ತೆಗೆಯಿರಿ.

ಸ್ಟ್ರೆಚರ್‌ನಿಂದ ಮಂಚಕ್ಕೆ ಹಾಕುವಾಗ ಎರಡೂ ಒಂದೇ ಎತ್ತರಕ್ಕೆ ಬರಲಿ. ಸ್ಟ್ರೆಚರ್ ಒಂದು ಬೆರಳಿನಷ್ಟು ಮೇಲಿದ್ದರೆ ಇನ್ನೂ ಒಳ್ಳೆಯದು, ಇಳಿಜಾರಿಗೆ ಜಾರುವುದು ಸುಲಭ. ಸಂದಿಯಿಲ್ಲದ ಹಾಗೆ ಅಂಟಿಸಿ ನಿಲ್ಲಿಸಿ. ಎರಡರ ಬ್ರೇಕೂ ಹಾಕಿ, ಕಾಲಿನಲ್ಲಿ ಒದ್ದು ನೋಡಿ. ಬ್ರೇಕ್ ಕೆಟ್ಟ ಸ್ಟ್ರೆಚರ್ ಬಳಸಲೇಬೇಡಿ. ರೋಗಿ ಅರ್ಧ ದಾರಿಯಲ್ಲಿರುವಾಗ ಅದು ಸರಿಯಿತು ಅಂದರೆ ನೀವು ಯೋಚನೆ ಮಾಡದೆ ಹಿಡಿಯಲು ಹೋಗುತ್ತೀರಿ, ಸೊಂಟ ಹೋಗುವುದು ಆಗಲೇ. ಈ ಕಡೆ ಇಬ್ಬರು, ಆ ಕಡೆ ಇಬ್ಬರು ಇರಲಿ. ಎಣಿಸುವವರು ಒಬ್ಬರೇ ಇರಲಿ. "ಒಂದು, ಎರಡು, ಮೂರು" ಅಂದಾಗ ಮೂರಕ್ಕೆ ಎಳೆಯುವುದಾ, ಮೂರಾದ ಮೇಲಾ ಅಂತ ಮೊದಲೇ ಮಾತಾಡಿಕೊಳ್ಳಿ. ನಗಬೇಡಿ, ಈ ಅರ್ಧ ಸೆಕೆಂಡಿನ ಗೊಂದಲದಲ್ಲಿ ಇಡೀ ಭಾರ ಒಬ್ಬರ ಮೇಲೆ ಬೀಳುತ್ತದೆ.

ಎಲ್ಲಕ್ಕಿಂತ ಮೊದಲು ರೋಗಿಯನ್ನು ಕೇಳಿ. ಮಂಚದಲ್ಲಿ ಕೆಳಗೆ ಜಾರಿದವರನ್ನು ಮೇಲಕ್ಕೆ ಎಳೆಯುವ ಮುಂಚೆ, "ಅಣ್ಣಾ, ಮಂಡಿ ಮಡಿಚಿ ಹಿಮ್ಮಡಿ ಊರಿ, ನಾನು ಹೇಳಿದಾಗ ಒದ್ದುಕೊಳ್ಳಿ" ಅಂದರೆ ಎಷ್ಟೋ ಜನ ತಾವೇ ಮೇಲೆ ಹೋಗುತ್ತಾರೆ. ನಮಗೆ ಅವಸರ, ಅವರಿಗೆ ಸಂಕೋಚ, ಹಾಗಾಗಿ ಅವರು ಸುಮ್ನೆ ಮಲಗಿರುತ್ತಾರೆ. ತಾವಾಗಿ ಮೈ ಅಲ್ಲಾಡಿಸಿದರೆ ಅವರಿಗೂ ಒಳ್ಳೆಯದೇ. ರೋಗಿ ಕಡೆಯವರನ್ನು ಕರೆಯುವ ವಿಷಯದಲ್ಲಿ ಮಾತ್ರ ಎಚ್ಚರ. ಅವರಿಗೆ ಹೇಳಿಕೊಡದೆ "ಹಿಡೀರಿ" ಅಂದರೆ ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ, ರೋಗಿಯ ಭುಜ ಜಾರೀತು.

ಮಂಚದ ಎತ್ತರ ಇನ್ನೊಂದು ದೊಡ್ಡ ವಿಷಯ. ತಿರುಗಿಸುವ ಹಿಡಿ ಇದ್ದರೆ ಡ್ರೆಸಿಂಗ್, ಕ್ಯಾಥೆಟರ್, ಬೆಡ್ ಬಾತ್ ಮಾಡುವಾಗ ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ. ಕೆಲಸ ಮುಗಿದ ಮೇಲೆ ಇಳಿಸಿ, ರೋಗಿ ಬೀಳಬಾರದು. ಹಿಡಿ ತುಕ್ಕು ಹಿಡಿದು ತಿರುಗುವುದೇ ಇಲ್ಲ ಅನ್ನುತ್ತೀರಿ, ಗೊತ್ತು. ಒಂದು ತೊಟ್ಟು ಎಣ್ಣೆಯ ಕೆಲಸ ಅದು, ಅದಕ್ಕೇ ಯಾರೂ ಮಾಡುವುದಿಲ್ಲ. ಏರಿಸಲು ಆಗದ ಕಬ್ಬಿಣದ ಮಂಚವಾದರೆ ಸ್ಟೂಲ್ ಎಳೆದುಕೊಂಡು ಕೂತು ಡ್ರೆಸಿಂಗ್ ಮಾಡಿ. ರೋಗಿಯ ಮುಂದೆ ಸಿಸ್ಟರ್ ಕೂರಬಾರದು ಅಂತ ಎಲ್ಲೂ ಬರೆದಿಲ್ಲ.

ಈಗ ಸೂಜಿಯ ವಿಷಯ. ಸೊಂಟಕ್ಕಿಂತ ನನಗೆ ಗಾಬರಿಯಾಗಿದ್ದು ಇದನ್ನು ಓದಿದಾಗ.

ನಾಳೆ ಬೆಳಿಗ್ಗೆಯೇ ನಿಮ್ಮ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ಹೋಗಿ ಎಚ್‌ಐವಿ ಪರೀಕ್ಷೆ ಮಾಡಿಸಿ. ಜೊತೆಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಚುಚ್ಚಿದ ದಿನದಿಂದ ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಮತ್ತೆ ಮಾಡಿಸಬೇಕು. ಹೆದರಬೇಡಿ. ರೋಗಿಗೆ ಎಚ್‌ಐವಿ ಇದ್ದಿದ್ದರೂ ಒಂದು ಸೂಜಿಯಿಂದ ಅದು ಹರಡುವ ಸಾಧ್ಯತೆ ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಆಗದವರಿಗೆ ನೂರಕ್ಕೆ ಆರರಿಂದ ಮೂವತ್ತರವರೆಗೆ. ನೀವು ಕೆಲಸಕ್ಕೆ ಸೇರಿದಾಗ ಮೂರು ಡೋಸ್ ಪೂರ್ತಿ ಆಗಿತ್ತಾ? ನೆನಪಿಲ್ಲದಿದ್ದರೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಿ. ಹತ್ತಕ್ಕಿಂತ ಕಮ್ಮಿ ಬಂದು, ಸೋಂಕೂ ಇಲ್ಲದಿದ್ದರೆ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ನಲವತ್ತು ದಾಟಿದ ಮೇಲೆ, ಅದರಲ್ಲೂ ಶುಗರ್ ಇರುವವರಿಗೆ ಈ ಲಸಿಕೆ ಸ್ವಲ್ಪ ನಿಧಾನಕ್ಕೆ ಹಿಡಿಯುತ್ತದೆ. ಹಾಗಾಗಿ ಹಾಕಿಸಿಕೊಂಡು ಬಿಡುವುದಲ್ಲ, ಹಿಡಿಯಿತಾ ಅಂತಲೂ ನೋಡಿಸಬೇಕು.

ಇನ್ನೊಮ್ಮೆ ಹೀಗಾದರೆ ಗಾಯ ಹಿಂಡಬೇಡಿ, ಬಾಯಿಗೆ ಇಡಬೇಡಿ. ಸೋಪು, ಹರಿಯುವ ನೀರು, ಅಷ್ಟೇ. ಆಮೇಲೆ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ, 28 ದಿನ ನುಂಗಬೇಕು. ನೀವು ನಾಚಿಕೆಯಲ್ಲಿ ಕಳೆದುಕೊಂಡಿದ್ದು ಈ 72 ಗಂಟೆಯನ್ನು.

ಇನ್ನು ಯಾಕೆ ಚುಚ್ಚಿತು ಅಂತ ನೋಡೋಣ. ನಿಮ್ಮ ಕೈ ನಡುಗಿತು ಅಂತ ನನಗನ್ನಿಸುವುದಿಲ್ಲ. ಕಣ್ಣಿನ ಕಡೆ ಬನ್ನಿ. ಅರವತ್ತರ ಆಸುಪಾಸಿನ ಕಣ್ಣಿನ ಒಳಪರದೆಗೆ ತಲುಪುವ ಬೆಳಕು, ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗ ಮಾತ್ರ. ಪಾಪೆ ಚಿಕ್ಕದಾಗುತ್ತದೆ, ಕಣ್ಣಿನ ಮಸೂರ ಹಳದಿಯಾಗುತ್ತದೆ. ರಾತ್ರಿ ರೋಗಿಗಳು ಮಲಗಲಿ ಅಂತ ವಾರ್ಡಿನ ಲೈಟ್ ಆರಿಸಿರುತ್ತೀರಿ. ಅದೇ ಮಂದ ಬೆಳಕಿನಲ್ಲಿ ಪಕ್ಕದ ಹುಡುಗಿಗೆ ಕಾಣುವುದು ನಿಮಗೆ ಕಾಣುವುದಿಲ್ಲ. ಇಂಜೆಕ್ಷನ್ ಟ್ರಾಲಿಗೆ ಒಂದು ಕ್ಲಿಪ್ ಲೈಟ್ ಸಿಕ್ಕಿಸಿ, ಇಲ್ಲವೇ ತಲೆಗೆ ಕಟ್ಟುವ ಟಾರ್ಚ್ ಇಟ್ಟುಕೊಳ್ಳಿ. ಆಂಪ್ಯೂಲ್ ಮೇಲಿನ ಇರುವೆ ಸಾಲಿನಂಥ ಅಕ್ಷರಕ್ಕೆ ಭೂತಗನ್ನಡಿ. ಔಷಧಿ ತಪ್ಪುವುದೂ ಇದೇ ಬೆಳಕಿನಲ್ಲಿ, ಅಲ್ವಾ?

ಕನ್ನಡಕದ್ದು ಇನ್ನೊಂದು ಕಥೆ. ನಿಮ್ಮದು ಮೇಲೆ ದೂರಕ್ಕೆ, ಕೆಳಗೆ ಓದಲು ಇರುವ ಬೈಫೋಕಲ್ ಇರಬೇಕು. ಓದುವ ಭಾಗ ಒಂದೂಕಾಲು ಅಡಿ ದೂರಕ್ಕೆ ಹೊಂದಿಸಿದ್ದು. ಆದರೆ ನಿಮ್ಮ ಕೆಲಸ ನಡೆಯುವುದು ಎರಡು ಅಡಿ ದೂರದಲ್ಲಿ. ಅಲ್ಲಿ ಎರಡೂ ಭಾಗ ಮಸುಕು. ತಲೆಗಿಂತ ಮೇಲೆ ತೂಗುವ ಡ್ರಿಪ್ಪಿನ ಹನಿ ಎಣಿಸಲು ಗದ್ದ ಎತ್ತಿ ಕೆಳಗಿನ ಗಾಜಿನಿಂದ ನೋಡುತ್ತೀರಿ, ಕುತ್ತಿಗೆ ನೋವು ಶುರುವಾಗುವುದು ಅಲ್ಲಿಂದ. ಕಣ್ಣಿನ ಡಾಕ್ಟರಿಗೆ "ನನಗೆ ಕಾಣಬೇಕಾದ್ದು ಎರಡಡಿ ದೂರದ್ದು" ಅಂತ ಬಾಯಿಬಿಟ್ಟು ಹೇಳಿ. ಡ್ಯೂಟಿಗೆ ಅಂತಲೇ ಬೇರೆ ಕನ್ನಡಕ ಮಾಡಿಸಿಕೊಳ್ಳಿ.

ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು ಅನ್ನುವುದನ್ನು ನೀವೇ ಹೊಸಬರಿಗೆ ಹೇಳಿಕೊಟ್ಟಿರುತ್ತೀರಿ. ಆದರೂ ಹಾಕುತ್ತೇವೆ. ಯಾಕೆಂದರೆ ಸೂಜಿ ಹಾಕುವ ಬಿಳಿ ಡಬ್ಬಿ ನರ್ಸಿಂಗ್ ಸ್ಟೇಷನ್ ಹತ್ತಿರ ಇರುತ್ತದೆ, ರೋಗಿ ಹತ್ತನೇ ಮಂಚದಲ್ಲಿರುತ್ತಾರೆ. ಬರಿ ಸೂಜಿ ಹಿಡಿದು ಅಷ್ಟು ದೂರ ನಡೆಯಲು ಭಯ. ಡಬ್ಬಿಯೂ ಸೂಜಿ ಕತ್ತರಿಸುವ ಹಬ್ ಕಟ್ಟರೂ ಟ್ರಾಲಿಯ ಮೇಲೇ ಇದ್ದರೆ ಕ್ಯಾಪ್ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಕಸ ಒಯ್ಯುವ ಆಯಾನೂ ನೆನಪಿರಲಿ. ಎಷ್ಟೋ ಕಡೆ ಅವರಿಗೂ ಐವತ್ತು ದಾಟಿರುತ್ತದೆ, ಕೆಲಸ ಗುತ್ತಿಗೆಯದು. ಕಪ್ಪು ಕವರಿನಲ್ಲಿ ತಪ್ಪಿ ಬಿದ್ದ ನಮ್ಮ ಸೂಜಿ ಅವರ ತೊಡೆಗೆ ಚುಚ್ಚುತ್ತದೆ. ಅವರು ಹೇಳುವುದು ಯಾರಿಗೆ?

ಬೆಲ್ಟಿನ ಬಗ್ಗೆ ಚಿಕ್ಕ ಉತ್ತರ: ಅದು ಪೆಟ್ಟನ್ನು ತಡೆಯುವುದಿಲ್ಲ. ನಿಯೋಶ್ 1994ರಲ್ಲೇ ಇದನ್ನು ಹೇಳಿದೆ. ತುಂಬಾ ನೋವಿರುವ ದಿನ ಒಂದೆರಡು ಗಂಟೆ ಕಟ್ಟಿಕೊಂಡರೆ ಹಿತ ಅನ್ನಿಸಬಹುದು. ಬೆಲ್ಟ್ ಇದೆ ಅಂತ ಧೈರ್ಯ ಬಂದು ಎತ್ತಲು ಹೋದರೆ ಮಾತ್ರ ಕೆಟ್ಟಿರಿ.

ನೋವು ಮೂರು ತಿಂಗಳಾದರೂ ಹೋಗದಿದ್ದರೆ ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಪತ್ರ ಓದಿ ನಾನು ರೋಗ ಹೇಳಲಾರೆ. ಆದರೆ ಕೂರುವ ಜಾಗದಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ, ಕಾಲಿನ ಶಕ್ತಿ ಕುಸಿದರೆ ಅದೇ ದಿನ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೂ ತಡ ಮಾಡಬೇಡಿ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಬೇಕಾ ಅಂತ ಆಗಲೇ ಕೇಳಿಬಿಡಿ.

ಇಂಥದ್ದೇನೂ ಇಲ್ಲ ಅಂದರೆ ಮಲಗಬೇಡಿ. ಮೈಗೆ ಕೆಲಸ ಕೊಡಿ. "ದಿನವಿಡೀ ವಾರ್ಡಿನಲ್ಲಿ ನಡೆಯುತ್ತೇನಲ್ಲ ಡಾಕ್ಟ್ರೇ" ಅನ್ನುವ ಮಾತು ಎಲ್ಲಾ ಸಿಸ್ಟರ್‌ಗಳಿಂದಲೂ ಕೇಳಿದ್ದೇನೆ. ಆ ನಡಿಗೆಯಿಂದ ದಣಿವು ಬರುತ್ತದೆ, ಶಕ್ತಿ ಬರುವುದಿಲ್ಲ. ಶಕ್ತಿ ಬರಲು ಸ್ನಾಯುವಿಗೆ ಸ್ವಲ್ಪ ಸ್ವಲ್ಪ ಏರುವ ಭಾರ ಬೇಕು. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು. ಮಲಗಿ ಮಂಡಿ ಮಡಿಚಿ ಸೊಂಟ ಮೇಲೆತ್ತುವುದು. ಗೋಡೆಗೆ ಕೈ ಊರಿ ದಂಡ ಹೊಡೆಯುವುದು. ಹಿಮ್ಮಡಿ ಎತ್ತಿ ಇಳಿಸುವುದು. ಸುಲಭವಾದ ಮೇಲೆ ಕೈಯಲ್ಲಿ ಎರಡು ನೀರಿನ ಬಾಟಲಿ ಹಿಡಿದು ಮಾಡಿ. ಈಗ ನೋವಿರುವುದರಿಂದ ಫಿಸಿಯೋಥೆರಪಿಸ್ಟ್ ಮುಂದೆ ಒಮ್ಮೆ ಮಾಡಿ ತೋರಿಸಿ ಶುರು ಮಾಡಿ. ಈ ವಯಸ್ಸಿನಲ್ಲಿ ಏನು ಬರುತ್ತದೆ ಅನ್ನಬೇಡಿ. ಅಮೆರಿಕದ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ಹತ್ತು ಜನ ಹಿರಿಯರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿ ನೋಡಿದ್ದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಕಾಲಿನ ಶಕ್ತಿ ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು. ನಿಮಗೆ ಬರೀ 56.

ಊಟದಲ್ಲಿ ಬೇಳೆ, ಕಾಳು, ಮೊಟ್ಟೆ, ಮೊಸರು ಸ್ವಲ್ಪ ಜಾಸ್ತಿ ಮಾಡಿ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ. ಮುದ್ದೆ ಉಂಡರೆ ಮೂಳೆಗೆ ಒಳ್ಳೆಯದು, ಆದರೆ ಶುಗರ್ ಇದೆಯಲ್ಲ, ಗಾತ್ರ ನೋಡಿಕೊಂಡು. ನೀರು ಕುಡಿಯಿರಿ. ಟಾಯ್ಲೆಟ್ ದೂರ, ಗಲೀಜು ಅಂತ ಡ್ಯೂಟಿ ಮುಗಿಯುವವರೆಗೆ ನೀರೇ ಮುಟ್ಟದ ಸಿಸ್ಟರ್‌ಗಳು ಎಷ್ಟು ಜನ! ಉರಿಮೂತ್ರ, ತಲೆನೋವು ಇದರಿಂದಲೇ. ಸಿಬ್ಬಂದಿಗೆ ಚೊಕ್ಕ ಟಾಯ್ಲೆಟ್ ಕೇಳುವುದೂ ಸುರಕ್ಷತೆಯ ಮಾತೇ.

ನೈಟ್ ಬೇಡ ಅಂತ ಕೇಳಬಹುದಾ? ಕೇಳಬಹುದು. ಆದರೆ "ವಯಸ್ಸಾಯಿತು" ಅಂತ ಕೇಳಬೇಡಿ. ಶುಗರ್ ಮತ್ತು ಸೊಂಟದ ಬಗ್ಗೆ ವೈದ್ಯರ ಚೀಟಿ ಲಗತ್ತಿಸಿ ಕೇಳಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹನ್ನೆರಡು ಗಂಟೆ ಅನ್ನುವುದು ಮಾತ್ರೆ ನುಂಗುವವರಿಗೆ ಕಷ್ಟದ ಲೆಕ್ಕ. ಗ್ಲಿಮೆಪಿರೈಡ್ ತರಹದ ಶುಗರ್ ಮಾತ್ರೆ ತೆಗೆದುಕೊಂಡು, ಕೇಸ್ ಬಂತು ಅಂತ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ಕೈ ನಡುಗುತ್ತದೆ, ತಲೆ ಓಡುವುದಿಲ್ಲ. ಆಗ ಕೈಯಲ್ಲಿ ಸೂಜಿ ಇದ್ದರೆ? ನೈಟ್ ಇರುವ ದಿನ ಮಾತ್ರೆ ಯಾವಾಗ ಅಂತ ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಏಪ್ರನ್ ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಪೂರ್ತಿ ಬಿಡಲು ಒಪ್ಪದಿದ್ದರೆ ಸತತವಾಗಿ ಎರಡೇ ನೈಟ್ ಕೇಳಿ, ಮೂರಕ್ಕಿಂತ ಜಾಸ್ತಿ ಒಪ್ಪಬೇಡಿ. ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲಿ ಮುಂದಕ್ಕೆ ಹೋಗಲಿ. ಹಿಂದಕ್ಕೆ ಬಂದರೆ ನಿದ್ದೆ ಹೊಂದಿಕೊಳ್ಳುವುದಿಲ್ಲ. ಜೊತೆಯವರು ಎಚ್ಚರ ಇರುವಾಗ ಸರದಿಯ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಇದು ಕಳ್ಳತನ ಅಲ್ಲ. ನೈಟ್ ಮುಗಿಸಿ ಸ್ಕೂಟಿ ಓಡಿಸಿಕೊಂಡು ಹೋಗಬೇಡಿ, ಬಸ್ಸಿಗೆ ಹೋಗಿ, ಇಲ್ಲವೇ ಮನೆಯವರನ್ನು ಕರೆಸಿಕೊಳ್ಳಿ.

ಇಲ್ಲಿ ನಿಮಗೊಂದು ಅನುಕೂಲವೂ ಇದೆ. ವಯಸ್ಸಾದ ಹಾಗೆ ಮೈಯ ಗಡಿಯಾರ ಬೇಗ ಏಳುವ ಕಡೆ ತಿರುಗುತ್ತದೆ. ನಿಮಗೆ ನಾಲ್ಕೂವರೆಗೇ ಎಚ್ಚರ ಆಗುತ್ತಿರಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಬೆಳಗಿನ ಡ್ಯೂಟಿ ಅಂದರೆ ಸಂಕಟ. ನೀವು ಬೆಳಗಿನ ಪಾಳಿಗಳನ್ನು ಜಾಸ್ತಿ ತೆಗೆದುಕೊಂಡು, ಅವರು ರಾತ್ರಿಯದನ್ನು ಸ್ವಲ್ಪ ಹಂಚಿಕೊಂಡರೆ ಯಾರಿಗೂ ಉಪಕಾರ ಮಾಡಿದ ಹಾಗಲ್ಲ, ಅದಲುಬದಲು ಅಷ್ಟೇ. ಹಬ್ಬದ ದಿನದ ಡ್ಯೂಟಿಯನ್ನೂ ಈ ಚೌಕಾಸಿಯಲ್ಲಿ ಸೇರಿಸಿ, ಬೇಗ ಒಪ್ಪುತ್ತಾರೆ.

ಚಪ್ಪಲಿಯ ಬಗ್ಗೆ ಎರಡು ಮಾತು. ವಾರ್ಡಿನಲ್ಲಿ ಹೆಂಗಸರು ಬೀಳುವುದು ಒದ್ದೆ ನೆಲದಲ್ಲಿ. ಬೀಳುವಾಗ ಕೈ ಊರುತ್ತೇವೆ, ಸವೆದ ಮಣಿಕಟ್ಟು ಮುರಿಯುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ 4,500ಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2021ರಲ್ಲಿ ಬಂತು. ಜಾರದ ಶೂ ಹಾಕಿಕೊಂಡವರು ಜಾರಿದ್ದು ಶೇಕಡ 37ರಷ್ಟು ಕಮ್ಮಿ. ಹಿಂದೆ ಪಟ್ಟಿಯಿಲ್ಲದ ಸ್ಲಿಪ್ಪರ್ ಬಿಡಿ, ಹಿಮ್ಮಡಿ ಮುಚ್ಚುವ, ತಳದಲ್ಲಿ ಹಿಡಿತ ಇರುವ ಶೂ ತೆಗೆದುಕೊಳ್ಳಿ. ಶುಗರ್ ಇರುವವರಿಗೆ ಪಾದದ ಲೆಕ್ಕದಲ್ಲೂ ಅದೇ ಒಳ್ಳೆಯದು.

ಇಷ್ಟೆಲ್ಲಾ ಹೇಳಿದ ಮೇಲೂ ನೀವೊಬ್ಬರೇ ಮಾಡಲು ಆಗದ ಭಾಗ ಒಂದಿದೆ. ಫಿನ್ಲೆಂಡ್‌ನಲ್ಲಿ ಯುಹಾನಿ ಇಲ್ಮರಿನೆನ್ ಮತ್ತು ಅವರ ಜೊತೆಗಾರರು ನಗರಸಭೆ ಕೆಲಸಗಾರರನ್ನು 1981ರಿಂದ ಹನ್ನೊಂದು ವರ್ಷ ಹಿಂಬಾಲಿಸಿದರು. ಐವತ್ತು ದಾಟಿದವರ ಕೆಲಸದ ಸಾಮರ್ಥ್ಯ ಸಾಮಾನ್ಯವಾಗಿ ಇಳಿಯಿತು. ಆದರೆ ಕೆಲವರದು ಏರಿತು! ಅಂಥವರ ಬದುಕಿನಲ್ಲಿ ಏನು ಬದಲಾಗಿತ್ತು ಅಂತ ನೋಡಿದರೆ ಮೂರು ಸಂಗತಿ ಕಂಡವು. ಒಂದು, ಬಿಡುವಿನಲ್ಲಿ ಬೆವರು ಬರುವಂಥ ವ್ಯಾಯಾಮ. ಎರಡು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಕಮ್ಮಿಯಾಗಿದ್ದು. ಮೂರು, ಮೇಲಧಿಕಾರಿ ನಡೆಸಿಕೊಳ್ಳುವ ರೀತಿ ಸುಧಾರಿಸಿದ್ದು. "ಆಗದಿದ್ದರೆ ವಿಆರ್‌ಎಸ್ ತಗೊಳ್ಳಿ" ಅನ್ನುವ ಮಾತು ಬರೀ ಮನಸ್ಸಿಗೆ ಚುಚ್ಚಿ ಬಿಡುವುದಿಲ್ಲ, ಸಿಸ್ಟರ್. ಅಂಥ ಮಾತು ಕೇಳಿದವರು ಸೂಜಿ ಚುಚ್ಚಿದ್ದನ್ನು ಮುಚ್ಚಿಡುತ್ತಾರೆ. ನೀವು ಮುಚ್ಚಿಟ್ಟಿರಲ್ಲ?

ಹಾಗಾಗಿ ಸಾಹೇಬರಿಗೆ ಬಾಯಲ್ಲಿ ಹೇಳಬೇಡಿ, ಬರೆದುಕೊಡಿ. ಒಬ್ಬರೇ ಕೊಡಬೇಡಿ. ನಿಮ್ಮ ಆಸ್ಪತ್ರೆಯಲ್ಲಿ ಐವತ್ತು ದಾಟಿದವರು ಇನ್ನೂ ನಾಲ್ಕೈದು ಜನ ಇದ್ದೇ ಇರುತ್ತಾರೆ, ಫಾರ್ಮಸಿಯಲ್ಲಿ, ಲ್ಯಾಬಿನಲ್ಲಿ, ಗ್ರೂಪ್ ಡಿಯಲ್ಲಿ. ಎಲ್ಲರೂ ಸಹಿ ಹಾಕಿ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲಾ ಸಿಬ್ಬಂದಿಗೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವುದು ಆಸ್ಪತ್ರೆಯ ಹೊಣೆ. ಕೇಳುವುದು ಬೇಡಿಕೊಂಡ ಹಾಗಲ್ಲ. ಆ ತಪಾಸಣೆಯಲ್ಲಿ ಕಣ್ಣನ್ನೂ ಸೇರಿಸಿ ಅನ್ನಿ. ಸ್ಲೈಡ್ ಶೀಟ್ ನಾಲ್ಕು, ರೋಗಿಯನ್ನು ಜಾರಿಸಿ ದಾಟಿಸುವ ಹಲಗೆ (ಟ್ರಾನ್ಸ್‌ಫರ್ ಬೋರ್ಡ್) ಒಂದು, ಟ್ರಾಲಿಗೆ ಲೈಟ್, ಸ್ಟ್ರೆಚರ್ ಬ್ರೇಕಿನ ರಿಪೇರಿ, ಮಂಚಗಳ ಹಿಡಿಗೆ ಎಣ್ಣೆ. ಇದಕ್ಕೆ ಹೊಸ ಬಜೆಟ್ ಬೇಡ, ಆಸ್ಪತ್ರೆಯ ಖರ್ಚುವೆಚ್ಚ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಇಡಬಹುದು. ಪೆಟ್ಟಾದರೆ ಬರೆಯಲು ಒಂದು ರಿಜಿಸ್ಟರ್ ಕೇಳಿ. ಇದ್ದರೆ, ಮೊದಲ ನಮೂದು ನಿಮ್ಮ ಸೊಂಟ, ಎರಡನೆಯದು ನಿಮ್ಮ ಸೂಜಿ. ತಡವಾದರೂ ಪರವಾಗಿಲ್ಲ, ದಿನಾಂಕ ಹಾಕಿ ಬರೆಯಿರಿ.

ಖಾಸಗಿ ನರ್ಸಿಂಗ್ ಹೋಮ್‌ಗಳ ಸಿಸ್ಟರ್‌ಗಳೂ ಇದನ್ನು ಓದುತ್ತಿರಬಹುದು. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ಕೆಲಸದಲ್ಲಿ ಆದ ಪೆಟ್ಟಿನಿಂದ ಮನೆಯಲ್ಲಿ ಉಳಿದ ದಿನಗಳಿಗೆ ಕೂಲಿಯ ಶೇಕಡ 90ರಷ್ಟು ಸಿಗುತ್ತದೆ. ಅದು ಸಿಗಬೇಕಾದರೆ ಪೆಟ್ಟು ಕೆಲಸದಲ್ಲಾಯಿತು ಅಂತ ದಾಖಲೆ ಇರಬೇಕು. "ಮನೆಯಲ್ಲಿ ಬಿದ್ದೆ ಅಂತ ಬರೆಸಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ವಿಆರ್‌ಎಸ್ ನಿರ್ಧಾರವನ್ನು ನೋವಿರುವ ತಿಂಗಳಲ್ಲಿ ಮಾಡಬೇಡಿ. ಮೂರು ತಿಂಗಳು ಮೇಲಿನ ಬದಲಾವಣೆಗಳನ್ನು ಮಾಡಿ ನೋಡಿ, ಆಮೇಲೆ ಪಿಂಚಣಿ ಲೆಕ್ಕ ಹಾಕಿ, ಮನೆಯವರ ಜೊತೆ ಕೂತು ಮಾತಾಡಿ. ಅಲ್ಲಿಯವರೆಗೆ ಪತ್ರದ ಎರಡು ಪ್ರತಿ ಮಾಡಿಸಿ. ಒಂದನ್ನು ಆಫೀಸಿನಲ್ಲಿ ಕೊಡಿ. ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.